ಫಡ್ಜ್‌ಗೆ 114 ಅಲ್ಲ, 111: ಬೆಂಗಳೂರಿನ ಅಡುಗೆಮನೆಯಿಂದ ನನ್ನ ಅನುಭವ

ಬೆಂಗಳೂರಿನಲ್ಲಿ ಹಳೇ ಕಾಲದ ಚಾಕೊಲೇಟ್ ಫಡ್ಜ್ (ಬರ್ಫಿಯಂಥ ಮೆತ್ತನೆಯ ಸಿಹಿ) ಮಾಡುವವರು, ಪಾಕ 114 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು ಅನ್ನುವ ಮಾತನ್ನು ಮರೆತುಬಿಡಿ. 111ಕ್ಕೆ ಒಲೆ ಆರಿಸಿ. ಇಷ್ಟು ತಿಳಿಯುವಷ್ಟರಲ್ಲಿ ಕಿಲೋಗಟ್ಟಲೆ ಸಕ್ಕರೆ, ಒಂದೂವರೆ ಸಾವಿರ ರೂಪಾಯಿಯ ಕೋಕೋ ಹಾಳಾಗಿತ್ತು. ಮನೆಯವರ ಮಾತು ಕೇಳಿದ್ದು ಬೇರೆ.

ಕಂಡೆನ್ಸ್ಡ್ ಮಿಲ್ಕ್ ಸುರಿದು ಹತ್ತು ನಿಮಿಷದಲ್ಲಿ ಮುಗಿಸುವ ಫಡ್ಜ್ ಬೇರೆ. ಸುಲಭ, ನಿಜ. ಆದರೆ ಹಲ್ಲಿಗೆ ಅಂಟುತ್ತದೆ. ಹಳೇದಕ್ಕೆ ಸಕ್ಕರೆ, ಹಾಲು, ಕೋಕೋ, ಬೆಣ್ಣೆ ಸಾಕು. ಅಮೆರಿಕದ ವಾಸರ್ ಕಾಲೇಜಿನ ಎಮೆಲಿನ್ ಹಾರ್ಟ್‌ರಿಜ್ ಎಂಬ ಹುಡುಗಿ 1888ರಲ್ಲಿ ಕಾಲೇಜಿನ ಹರಾಜಿಗೆಂದು 30 ಪೌಂಡ್ ಮಾಡಿದ್ದಳಂತೆ. ಹತ್ತಿರ ಹತ್ತಿರ 14 ಕೆಜಿ! ನಾನು ಮುಕ್ಕಾಲು ಕೆಜಿ ತಿರುವುವಷ್ಟರಲ್ಲಿ ತೋಳು ಬಿದ್ದುಹೋಗುತ್ತದೆ.

ನನ್ನ ಅಳತೆ ಹೆಚ್ಚುಕಡಿಮೆ ಹೀಗೆ: 600 ಗ್ರಾಂ ಸಕ್ಕರೆ, 60 ಗ್ರಾಂ ಕೋಕೋ, 350 ಎಂಎಲ್ ಗಟ್ಟಿ ಹಾಲು, 60 ಗ್ರಾಂ ಬೆಣ್ಣೆ, ಚಿಟಿಕೆ ಉಪ್ಪು.

ಮೊದಮೊದಲು ಚಾಕು ಇಟ್ಟರೆ ಸಾಕು, ಪುಡಿಪುಡಿ. ಬಾಯಿಗೆ ಹಾಕಿದರೆ ಮರಳು. ಅದೇ ಅಳತೆ, ಅದೇ ಥರ್ಮಾಮೀಟರ್, ಮಂಗಳೂರಿನ ಅಕ್ಕನ ಮನೆಯಲ್ಲಿ ಮಾಡಿದರೆ ಬೆಣ್ಣೆಯಂಥ ಫಡ್ಜ್! "ನಮ್ಮನೆ ಒಲೆಯ ಗುಣ ಕಣೇ" ಅಂತ ಅಕ್ಕ ಬೀಗಿದಳು. ವಾಪಸ್ ಬಂದು ಥರ್ಮಾಮೀಟರನ್ನು ಕುದಿಯುವ ನೀರಿಗೆ ಇಟ್ಟೆ. 97 ತೋರಿಸಿತು. ಕೆಟ್ಟಿದೆ ಅಂತ ಅಂಗಡಿಯವನ ಹತ್ತಿರ ಜಗಳವಾಡಿ ಬೇರೆ ತಂದೆ. ಅದೂ 97. ಆಗ ಹೊಳೆಯಿತು: ನಾವಿರುವುದು ಸಮುದ್ರಮಟ್ಟದಿಂದ 900 ಮೀಟರ್ ಮೇಲೆ. ಇಲ್ಲಿ ನೀರು ಕುದಿಯುವುದೇ ಮೂರು ಡಿಗ್ರಿ ಮುಂಚೆ. 114ರವರೆಗೆ ಕಾಯುತ್ತಾ ಕೂತರೆ ಪಾಕ ಹದ ಮೀರಿ ಗಟ್ಟಿಯಾಗಿರುತ್ತದೆ.

ಅತ್ತೆಗೆ ಥರ್ಮಾಮೀಟರ್ ಮೇಲೆ ನಂಬಿಕೆಯೇ ಇರಲಿಲ್ಲ. "ಪಾಕ ಕೈಗೆ ಗೊತ್ತಾಗತ್ತೆ ಕಣಮ್ಮ, ಆ ಕಡ್ಡಿಗೇನು ಗೊತ್ತು?" ಅಂದವರು ತಣ್ಣೀರಿನ ಬಟ್ಟಲಿಗೆ ಒಂದು ತೊಟ್ಟು ಬಿಟ್ಟು ನೋಡಿದರು. ಮೆತ್ತಗೆ ಉಂಡೆ ಕಟ್ಟಿತು. ಕಡ್ಡಿಯಲ್ಲಿ 111! ಅವತ್ತಿನಿಂದ ಇಬ್ಬರಿಗೂ ರಾಜಿ.

ಆದರೆ ಕೈಯಾಡಿಸುವ ವಿಷಯದಲ್ಲಿ ರಾಜಿ ಇಲ್ಲ. ಮೈಸೂರ್ ಪಾಕ್‌ಗೆ ಪಳಗಿದ ಕೈ ಸುಮ್ನಿರಲ್ಲ, ಅಲ್ವಾ? ಇಲ್ಲಿ ಸುಮ್ನಿರಲೇಬೇಕು. ನಮ್ಮ ಸಕ್ಕರೆ ಹರಳು ದಪ್ಪ, ಕುದಿ ಬರುವ ಮುಂಚೆಯೇ ಸಣ್ಣ ಉರಿಯಲ್ಲಿ ಪೂರ್ತಿ ಕರಗಿಸಿ. ಕುದಿ ಬಂದ ಮೇಲೆ ಸೌಟು ತೆಗೆದಿಡಿ. ಪಾತ್ರೆಯ ಅಂಚಿಗೆ ಹತ್ತಿದ ಹರಳನ್ನು ಒದ್ದೆ ಬ್ರಷ್‌ನಿಂದ ಒರೆಸಿ. ಒಂದು ಹರಳು ಒಳಗೆ ಬಿದ್ದರೂ ಅದರ ಹಿಂದೆ ಎಲ್ಲವೂ ಹರಳುಗಟ್ಟುತ್ತವೆ. ತಳ ದಪ್ಪ ಇದ್ದರೆ ಹಿಡಿಯುವುದಿಲ್ಲ.

ಇಳಿಸಿದ ಮೇಲೆ ಬೆಣ್ಣೆಯನ್ನು ಮೇಲಿಟ್ಟು ಬಿಟ್ಟುಬಿಡಿ. 45 ಡಿಗ್ರಿಗೆ ಇಳಿಯಲು ಗಂಟೆ ಮೇಲಾಗುತ್ತದೆ. ಆಮೇಲೆ ಮರದ ಸೌಟಿನಿಂದ ತಿರುವುತ್ತಾ ಹೋಗಿ, ಹೊಳಪು ಮಾಯವಾಗುವವರೆಗೆ. ಹೊಳಪು ಹೋದ ಕೂಡಲೇ ತಟ್ಟೆಗೆ. ಅರ್ಧ ನಿಮಿಷ ತಡವಾದರೆ ಪಾತ್ರೆಯಲ್ಲೇ ಗಟ್ಟಿ. ತಿರುವುವಾಗ ನಾನು ಇನ್ನೊಂದು ಪದಾರ್ಥ ಸೇರಿಸುತ್ತೇನೆ. ಅದನ್ನು ಅಕ್ಕನಿಗೂ ಹೇಳಿಲ್ಲ, ಇಲ್ಲೂ ಹೇಳಲ್ಲ.

ಪುಡಿಯಾದದ್ದನ್ನು ಎಸೆಯಬೇಡಿ. ಅರ್ಧ ಲೋಟ ಹಾಲು ಹಾಕಿ ಕರಗಿಸಿ ಮತ್ತೆ ಕಾಯಿಸಿದರೆ ಆಗುತ್ತದೆ. ಈ ಉಪಾಯ ಮೊದಲೇ ಗೊತ್ತಿದ್ದರೆ ಸಾವಿರ ರೂಪಾಯಿ ಉಳಿಯುತ್ತಿತ್ತು.

ಬೆಲ್ಲದಲ್ಲೂ ಮಾಡಿ ನೋಡಿದೆ. ಗಟ್ಟಿಯಾಗಲೇ ಇಲ್ಲ, ಚಾಕೊಲೇಟ್ ಹಲ್ವಾ ಆಯಿತು. ಮಕ್ಕಳು ಚಪಾತಿಗೆ ಸವರಿಕೊಂಡು ಮುಗಿಸಿದರು. ತೆಂಗಿನಹಾಲು ಒಡೆದು ಎಣ್ಣೆ ಬಿಟ್ಟಿತು. ದಕ್ಷಿಣ ಕನ್ನಡದ ಅಡಿಕೆ ತೋಟಗಳಲ್ಲೇ ಕೋಕೋ ಬೆಳೆಯುತ್ತದೆ, ಪುತ್ತೂರಿನಲ್ಲಿ 1986ರಿಂದ ಕ್ಯಾಂಪ್ಕೊ ಚಾಕೊಲೇಟ್ ಕಾರ್ಖಾನೆ ಇದೆ. ಹಸಿ ಬೀಜ ತಂದು ಮನೆಯಲ್ಲೇ ಹುದುಗಿಸಿ, ಹುರಿದು ಪುಡಿ ಮಾಡುವ ಹುಚ್ಚೂ ಇದೆ. ಅದಿನ್ನೂ ಬಾಕಿ.

ಈಗ ಒಂದು ಪಾಕಕ್ಕೆ ಸುಮಾರು 250 ರೂಪಾಯಿ ಬೀಳುತ್ತದೆ, ಅದರಲ್ಲಿ ಅರ್ಧ ಕೋಕೋಗೇ. ಮುಕ್ಕಾಲು ಕೆಜಿ ಮೇಲೆ ಸಿಗುತ್ತದೆ. ಅಪಾರ್ಟ್‌ಮೆಂಟ್ ಸಂತೆಯಲ್ಲಿ 100 ಗ್ರಾಂಗೆ 80 ರೂಪಾಯಿ ಇಟ್ಟೆ, ಮಧ್ಯಾಹ್ನಕ್ಕೆ ಖಾಲಿ. "ಇದೆಲ್ಲ ಮನೆಯಲ್ಲಿ ಬರಲ್ಲ ಬಿಡ್ರೀ" ಅಂದಿದ್ದ ಮೇಲಿನ ಮನೆಯವರೇ ಎರಡು ಪೊಟ್ಟಣ ತಗೊಂಡರು. ಮಳೆಗಾಲದಲ್ಲಿ ಮಾತ್ರ ಆರ್ಡರ್ ತೆಗೆದುಕೊಳ್ಳಲ್ಲ. ಜಡಿಮಳೆ ಹಿಡಿದರೆ ಫಡ್ಜ್ ಬೆವರುತ್ತದೆ. ಇನ್ನೂ ಎತ್ತರದಲ್ಲಿರುವ ಮಡಿಕೇರಿಯವರು, ಚಿಕ್ಕಮಗಳೂರಿನವರು ಮೊದಲು ನೀರು ಕುದಿಸಿ ನೋಡಿ, ನೂರಕ್ಕೆ ಎಷ್ಟು ಕಡಿಮೆ ಬಂತೋ ಅಷ್ಟನ್ನು 114ರಲ್ಲಿ ಕಳೆಯಿರಿ.