ಬ್ಲಾವ್ ಅವರ ಫಿಲ್ಮು, ನಮ್ಮ ಫಿಲ್ಮು

ಐಎಂಆರ್‌ಟಿ ಎಂದರೆ ಗೆಡ್ಡೆಯ ಆಕಾರಕ್ಕೆ ತಕ್ಕಂತೆ ಕಿರಣದ ತೀವ್ರತೆ ಬದಲಿಸಿ ಕೊಡುವ ಕ್ಯಾನ್ಸರ್ ವಿಕಿರಣ ಚಿಕಿತ್ಸೆ. ಅದರ ಪ್ಲ್ಯಾನ್ ಪರಿಶೀಲಿಸಲು ನಾನು ಈಗಲೂ ಫಿಲ್ಮ್ ಬಳಸುತ್ತೇನೆ. ಡಿಟೆಕ್ಟರ್ ಅರೇ (ಕಿರಣ ಅಳೆಯುವ ಸಣ್ಣ ಸಾಧನಗಳನ್ನು ಸಾಲಾಗಿ ಜೋಡಿಸಿದ ಹಲಗೆ) ನಿಮಿಷಗಳಲ್ಲಿ ಉತ್ತರ ಕೊಡುತ್ತದೆ, ನಿಜ. ಆದರೆ ಅದರ ಒಂದು ಡಿಟೆಕ್ಟರಿನಿಂದ ಇನ್ನೊಂದಕ್ಕೆ ಸಾಮಾನ್ಯವಾಗಿ 7ರಿಂದ 10 ಮಿ.ಮೀ. ದೂರ. ಗೆಡ್ಡೆ ಸಣ್ಣದಿದ್ದು, ಡೋಸು (ದೇಹ ಹೀರುವ ವಿಕಿರಣದ ಪ್ರಮಾಣ) ಕಡಿದಾಗಿ ಇಳಿಯುವ ಕಡೆ ಫಿಲ್ಮೇ ಬೇಕು.

ಫಿಲ್ಮ್ ಎಂದಾಗಲೆಲ್ಲ ಭೌತವಿಜ್ಞಾನಿ ಮಾರಿಯೆಟ್ಟಾ ಬ್ಲಾವ್ ನೆನಪಾಗುತ್ತಾರೆ. 1894ರಲ್ಲಿ ವಿಯೆನ್ನಾದ ಯಹೂದಿ ಮನೆತನದಲ್ಲಿ ಹುಟ್ಟಿದವರು. ಗಾಮಾ ಕಿರಣಗಳ ಮೇಲೆ ಡಾಕ್ಟರೇಟ್ ಮಾಡಿ, ಬರ್ಲಿನ್ನಿನ ಎಕ್ಸ್-ರೇ ಟ್ಯೂಬ್ ಕಾರ್ಖಾನೆಯಲ್ಲಿದ್ದು, ಆಮೇಲೆ ಫ್ರಾಂಕ್‌ಫರ್ಟಿನಲ್ಲಿ ವೈದ್ಯರಿಗೆ ವಿಕಿರಣದ ಭೌತಶಾಸ್ತ್ರ ಕಲಿಸಿದರು. ಇವತ್ತಿನ ಮೆಡಿಕಲ್ ಫಿಸಿಸಿಸ್ಟ್ ಕೆಲಸದ ಅರ್ಧ ಭಾಗ ಅದೇ. 1923ರಲ್ಲಿ ವಿಯೆನ್ನಾಕ್ಕೆ ಮರಳಿ ರೇಡಿಯಂ ಸಂಸ್ಥೆಯಲ್ಲಿ 1938ರವರೆಗೆ ಸಂಬಳವಿಲ್ಲದೆ ದುಡಿದರು. ಫೋಟೊ ಎಮಲ್ಷನ್‌ನಲ್ಲಿ (ಫಿಲ್ಮಿನ ಮೇಲೆ ಚಿತ್ರ ಮೂಡಿಸುವ ಲೇಪ) ಪ್ರೋಟಾನಿನ ಹಾದಿ ಹಿಡಿದದ್ದು ಅಲ್ಲೇ. ಎಮಲ್ಷನ್ ಎಷ್ಟು ದಪ್ಪವಿರಬೇಕು, ಗಾಮಾ ಕಿರಣದಿಂದ ಬರುವ ಮಬ್ಬನ್ನು ಹೇಗೆ ತಡೆಯಬೇಕು ಎಂಬುದರಲ್ಲೇ ಅವರ ವರ್ಷಗಳು ಹೋದವು. ನನ್ನ ತಲೆನೋವುಗಳೂ ಅವೇ ಜಾತಿಯವು.

ನಾನು ಬಳಸುವುದು ಇಬಿಟಿ3 ರೇಡಿಯೊಕ್ರೋಮಿಕ್ ಫಿಲ್ಮ್. ಇದಕ್ಕೆ ಡಾರ್ಕ್ ರೂಮ್ ಬೇಡ, ರಾಸಾಯನಿಕವೂ ಬೇಡ. ಕಿರಣ ಬಿದ್ದಷ್ಟು ನೀಲಿಯಾಗುತ್ತದೆ. ಎರಡು ಪಾಲಿಯೆಸ್ಟರ್ ಹಾಳೆಗಳ ನಡುವೆ ಸುಮಾರು 28 ಮೈಕ್ರಾನ್ ಪದರ, ಅಷ್ಟೇ. ಕೈಗವಸು ಹಾಕಿ, ಹರಿತ ಬ್ಲೇಡಿನಿಂದ 5×5 ಸೆಂ.ಮೀ. ತುಂಡುಗಳನ್ನು ಕತ್ತರಿಸುತ್ತೇನೆ. ಅಂಚಿನಲ್ಲಿ ಪದರ ಬಿಡುವುದರಿಂದ ಅಂಚಿನ 3 ಮಿ.ಮೀ. ಓದುವುದಿಲ್ಲ. ಕತ್ತರಿಸುವ ಮೊದಲೇ ಪ್ರತಿ ತುಂಡಿನ ಒಂದೇ ಮೂಲೆಯಲ್ಲಿ ಮಾರ್ಕರ್ ಗುರುತು ಬೀಳಬೇಕು. ಇದನ್ನು ಮರೆತರೆ ಮುಂದಿನದೆಲ್ಲ ವ್ಯರ್ಥ, ಏಕೆಂದರೆ ತುಂಡನ್ನು 90 ಡಿಗ್ರಿ ತಿರುಗಿಸಿ ಸ್ಕ್ಯಾನ್ ಮಾಡಿದರೆ ಓದು ಬದಲಾಗುತ್ತದೆ. ಪದರದೊಳಗಿನ ಸೂಜಿಯಂಥ ಹರಳುಗಳು ಒಂದೇ ದಿಕ್ಕಿಗೆ ಮಲಗಿರುತ್ತವೆ.

ಕ್ಯಾಲಿಬ್ರೇಷನ್‌ಗೆ, ಅಂದರೆ ಎಷ್ಟು ಡೋಸಿಗೆ ಎಷ್ಟು ಬಣ್ಣ ಎಂದು ಮೊದಲೇ ಗುರುತಿಸಿಕೊಳ್ಳಲು, 0, 0.5, 1, 2, 3, 4, 6, 8 ಗ್ರೇ (ಡೋಸಿನ ಅಳತೆ), ಒಟ್ಟು ಎಂಟು ತುಂಡು. ಸಾಲಿಡ್ ವಾಟರ್‌ನಲ್ಲಿ (ಕಿರಣಕ್ಕೆ ನೀರಿನಂತೆ ವರ್ತಿಸುವ ಪ್ಲಾಸ್ಟಿಕ್ ಸ್ಲ್ಯಾಬುಗಳು) 10 ಸೆಂ.ಮೀ. ಆಳ, 10×10 ಸೆಂ.ಮೀ. ಫೀಲ್ಡ್, ಕೆಳಗೆ ಇನ್ನೂ 10 ಸೆಂ.ಮೀ. ಸ್ಲ್ಯಾಬ್. ಸ್ಲ್ಯಾಬುಗಳ ನಡುವೆ ಗಾಳಿ ಉಳಿಯದಂತೆ ಒತ್ತಿ ಕೂರಿಸಬೇಕು. ಲಿನ್ಯಾಕ್ (ಚಿಕಿತ್ಸೆಯ ಕಿರಣ ಕೊಡುವ ಯಂತ್ರ) ಔಟ್‌ಪುಟ್ ಒಂದೆರಡು ಶೇಕಡಾ ಆಚೀಚೆ ಹೋಗಬಹುದು. ಅದೇ ದಿನ ಅಯಾನ್ ಚೇಂಬರ್ ಎಂಬ ಡೋಸ್ ಮಾಪಕದಿಂದ ಅಳೆದು ಆಮೇಲೆ ಎಂಯು (ಯಂತ್ರ ಎಷ್ಟು ಕಿರಣ ಬಿಡಬೇಕೆಂಬ ಎಣಿಕೆ) ಲೆಕ್ಕ ಹಾಕುತ್ತೇನೆ. ಸೊನ್ನೆ ಡೋಸಿನ ತುಂಡು ಅದೇ ಹಾಳೆಯದ್ದಾಗಿರಲಿ, ಉಳಿದವುಗಳ ಜೊತೆಗೇ ಓಡಾಡಲಿ. ಬಿಸಿಲು, ಟ್ಯೂಬ್‌ಲೈಟು ತಂದ ಮಬ್ಬು ಗೊತ್ತಾಗುವುದು ಅದರಲ್ಲೇ.

ಇಲ್ಲಿ ಬ್ಲಾವ್ ಅವರ ಪಾಡಿಗೂ ನಮ್ಮದಕ್ಕೂ ತಮಾಷೆಯ ವ್ಯತ್ಯಾಸ. ಅವರ ಎಮಲ್ಷನ್‌ನಲ್ಲಿ ಮೂಡಿದ ಹಾದಿ ದಿನ ಕಳೆದಂತೆ ಮಾಸುತ್ತಿತ್ತು. ನಮ್ಮ ಫಿಲ್ಮ್ ಕಿರಣ ನಿಂತ ಮೇಲೂ ಗಾಢವಾಗುತ್ತಲೇ ಹೋಗುತ್ತದೆ, ಮೊದಲು ಬೇಗ, ಆಮೇಲೆ ನಿಧಾನ. ಅದಕ್ಕೇ 24 ಗಂಟೆ ಕಾಯುತ್ತೇನೆ. ಕ್ಯಾಲಿಬ್ರೇಷನ್ ತುಂಡಿಗೆ ಎಷ್ಟು ಹೊತ್ತೋ ಪ್ಲ್ಯಾನ್ ಫಿಲ್ಮಿಗೂ ಅಷ್ಟೇ ಹೊತ್ತು.

ಫ್ಲ್ಯಾಟ್‌ಬೆಡ್ ಸ್ಕ್ಯಾನರ್ ಆನ್ ಮಾಡಿ, ಐದು ಖಾಲಿ ಸ್ಕ್ಯಾನ್ ಓಡಿಸಿ ಬಿಸಿ ಮಾಡುತ್ತೇನೆ. ಟ್ರಾನ್ಸ್‌ಮಿಷನ್ ಮೋಡ್, 48 ಬಿಟ್, 72 ಡಿಪಿಐ, ಬಣ್ಣ ತಿದ್ದುವ ಆಯ್ಕೆಗಳೆಲ್ಲ ಆಫ್. ಫಿಲ್ಮ್ ಗಾಜಿನ ನಟ್ಟನಡುವೆ ಇರಬೇಕು. ಪಕ್ಕಕ್ಕೆ ಸರಿದಷ್ಟು ಇರುವುದಕ್ಕಿಂತ ಕಪ್ಪಾಗಿ ಓದುತ್ತದೆ, ಡೋಸು ಹೆಚ್ಚಿದಷ್ಟು ತಪ್ಪೂ ಹೆಚ್ಚು. ರೆಡ್ ಚಾನೆಲ್‌ನಲ್ಲಿ ಖಾಲಿ ತುಂಡು 42000, ಕಿರಣ ಬಿದ್ದದ್ದು 24000 ಎಂದುಕೊಳ್ಳಿ: ಭಾಗಿಸಿದರೆ 1.75, ಅದರ ಲಾಗ್ 0.243. ಇದೇ ನೆಟ್ ಸಾಂದ್ರತೆ, ಅಂದರೆ ಕಿರಣದಿಂದ ಫಿಲ್ಮ್ ಎಷ್ಟು ಗಾಢವಾಯಿತು ಎಂಬುದು. ಇದನ್ನು ಡೋಸಿನ ಎದುರು ಗುರುತಿಸಿದರೆ ಬಾಗಿದ ಗೆರೆ ಬರುತ್ತದೆ. ಅದನ್ನು ನೇರ ಗೆರೆಯೆಂದು ಎಳೆಯಬೇಡಿ. ಫಿಲ್ಮಿನ ಹೊಸ ಲಾಟ್ ಬಂದಾಗ ಹಳೆಯ ಗೆರೆಯನ್ನು ಎಸೆದು ಹೊಸದಾಗಿ ಮಾಡುತ್ತೇನೆ.

ಕೊನೆಗೆ ಗಾಮಾ ಹೋಲಿಕೆ (ಗಾಮಾ ಕಿರಣಕ್ಕೂ ಇದಕ್ಕೂ ಸಂಬಂಧವಿಲ್ಲ): ಪ್ಲ್ಯಾನಿನ ಡೋಸನ್ನೂ ಫಿಲ್ಮಿನ ಡೋಸನ್ನೂ ಬಿಂದು ಬಿಂದುವಾಗಿ ಹೋಲಿಸುವುದು, ಡೋಸಿನಲ್ಲಿ 3 ಶೇಕಡಾ, ಜಾಗದಲ್ಲಿ 2 ಮಿ.ಮೀ. ವ್ಯತ್ಯಾಸದವರೆಗೆ ಒಪ್ಪಿ. 95 ಶೇಕಡಾ ಬಿಂದುಗಳು ಪಾಸಾದರೆ ಸರಿ, 90ಕ್ಕಿಂತ ಕೆಳಗಿದ್ದರೆ ಪ್ಲ್ಯಾನ್ ನಿಲ್ಲಿಸಿ ಕಾರಣ ಹುಡುಕುವುದು. ಹೆಚ್ಚಿನ ಸಲ ಕಾರಣ ಫಿಲ್ಮಿನ ಜಾಗ ಒಂದೆರಡು ಮಿ.ಮೀ. ಸರಿದದ್ದು.

1938ರಲ್ಲಿ ಹಿಟ್ಲರನ ಪಡೆ ಆಸ್ಟ್ರಿಯಾ ನುಂಗಿದಾಗ ಬ್ಲಾವ್ ದೇಶ ಬಿಟ್ಟರು. ಮೊದಲು ಓಸ್ಲೊ, ಆಮೇಲೆ ಐನ್‌ಸ್ಟೈನ್ ನೆರವಿನಿಂದ ಮೆಕ್ಸಿಕೋ. ಅಲ್ಲಿ ಸಂಶೋಧನೆಗೆ ಅನುಕೂಲವಿರಲಿಲ್ಲ. 1944ರಲ್ಲಿ ಅಮೆರಿಕಕ್ಕೆ ಹೋದ ಮೇಲೆ, ವಿಕಿರಣ ಅಳೆಯಲು ಫೋಟೊಮಲ್ಟಿಪ್ಲೈಯರ್ ಟ್ಯೂಬ್ (ಮಂದ ಬೆಳಕನ್ನು ದೊಡ್ಡ ವಿದ್ಯುತ್ ಸಂಕೇತವಾಗಿಸುವ ಕೊಳವೆ) ಬಳಸುವ ಕುರಿತು 1945ರಲ್ಲಿ ಸಹಲೇಖಕರೊಂದಿಗೆ ಪ್ರಬಂಧ ಬರೆದರು. ಮುಂದೆ, ದೇಹಕ್ಕೆ ಕೊಟ್ಟ ವಿಕಿರಣಶೀಲ ಔಷಧದ ಚಿತ್ರ ತೆಗೆಯುವ ನ್ಯೂಕ್ಲಿಯರ್ ಮೆಡಿಸಿನ್‌ನ ಗಾಮಾ ಕ್ಯಾಮೆರಾದೊಳಗೆ ಸಾಲಾಗಿ ಕೂತದ್ದು ಅದೇ ಜಾತಿಯ ಟ್ಯೂಬುಗಳು.