ಪ್ರೊಸೆಸರ್ ಬದಲಿಸೂಕ್ಕಿಂತ ಮೊದ್ಲ ಇದೊಂದು ನೋಡ್ರಿ
ಗೇಮ್ ನಿಧಾನ ಓಡ್ತದಂತ ಹೊಸ ಪ್ರೊಸೆಸರಿಗೆ ರೊಕ್ಕ ಹಾಕೂಕ್ಕಿಂತ ಮೊದ್ಲ, ಓವರ್‌ಕ್ಲಾಕಿಗೆ (ಚಿಪ್ಪನ್ನ ಅದರ ನಿಗದಿ ಸ್ಪೀಡಿಗಿಂತ ಜೋರ್ ಓಡಿಸೋದು) ಕೈ ಹಚ್ಚೂಕ್ಕಿಂತ ಮೊದ್ಲ, ಗೇಮಿನಾಗ ರೆಸಲ್ಯೂಷನ್ 1080 ಇದ್ದದ್ದು 720ಕ್ಕ ಇಳಿಸಿ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಚಿತ್ರ ಮೂಡ್ತಾವ ಅನ್ನೋ ಲೆಕ್ಕ) ನೋಡ್ರಿ, ಜಿಗಿದು ಏರ್ತು ಅಂದ್ರ ತಡೆ ಇರೋದು ಗ್ರಾಫಿಕ್ಸ್ ಕಾರ್ಡಿಂದು, ಅಷ್ಟೇ ಉಳೀತು ಅಂದ್ರ ಪ್ರೊಸೆಸರೇ ಹಿಂದ ಬಿದ್ದದ. ಯಾಕಂದ್ರ ಪಿಕ್ಸೆಲ್ ಬಿಡಿಸೋ ಕೆಲಸ ಕಾರ್ಡಿಂದು, ರೆಸಲ್ಯೂಷನ್ ಇಳಿಸಿದ್ರೂ ಪ್ರೊಸೆಸರ್ ಕೆಲಸ ಹೆಚ್ಚುಕಡಿಮಿ ಹಂಗೇ ಇರ್ತದ. ವಿ-ಸಿಂಕ್ (ಎಫ್‌ಪಿಎಸ್ ಮಾನಿಟರಿನ ವೇಗ ದಾಟದಂಗ ಹಿಡಿಯೋ ಸೆಟ್ಟಿಂಗ್), ಎಫ್‌ಪಿಎಸ್ ಲಿಮಿಟ್ ಆನ್ ಇದ್ರ ಲೆಕ್ಕ ತಪ್ತದ, ಮೊದ್ಲ ಬಂದ್ ಮಾಡ್ರಿ. ಇನ್ನ ನಮ್ಮ ಕಲಬುರಗಿ ಬ್ಯಾಸಗ್ಯಾಗ 40 ಡಿಗ್ರಿ ದಾಟಿದ ಮಧ್ಯಾಹ್ನ ಟೆಸ್ಟ್ ಮಾಡಬ್ಯಾಡ್ರಿ, ಚಿಪ್ ಭಾಳ ಕಾದ್ರ ತಾನೇ ಸ್ಪೀಡ್ ಇಳಿಸ್ಕೋತದ, ಹಂಗಾದ್ರ ಕೂಲರಿನ ಧೂಳು ತೆಗೆದು ಥರ್ಮಲ್ ಪೇಸ್ಟ್ (ಚಿಪ್ಪಿನ ಕಾವು ಕೂಲರಿಗೆ ದಾಟಿಸೋದು) ಬದಲಿಸಿದ್ರೇ ಸಾಕಾಗಬಹುದು, ಓವರ್‌ಕ್ಲಾಕ್ ಅಂತೂ ಬ್ಯಾಡೇ ಬ್ಯಾಡ.