ಅಪ್ಪ-ಅಮ್ಮನ ಜೊತೆ ಕಾರವಾರ–ಮಂಗಳೂರು ಸೈಕಲ್ ಪ್ರವಾಸ ಹೇಗೆ?

ಬೆಳೆದ ಮಗ ಅಥವಾ ಮಗಳು, ಅರವತ್ತರ ಆಸುಪಾಸಿನ ಅಪ್ಪ ಅಥವಾ ಅಮ್ಮ, ಎರಡು ಸೈಕಲ್, ಒಂದು ವಾರದ ರಜೆ. ಇಂಥ ಜೋಡಿ ಪ್ರವಾಸ ಕೆಡುವುದು ಪಂಚರ್‌ನಿಂದಲ್ಲ, ವೇಗದ ಅಂತರದಿಂದ. ಒಬ್ಬರದು ಗಂಟೆಗೆ 20 ಕಿ.ಮೀ., ಇನ್ನೊಬ್ಬರದು 14. ಮುಂದೆ ಹೋದವರು ಮರದ ನೆರಳಲ್ಲಿ ಕಾಯುತ್ತಾರೆ. ಹಿಂದಿನವರು ಬೆವರೊರೆಸಿಕೊಳ್ಳುತ್ತಾ ತಲುಪಿದ ಕೂಡಲೇ ಕಾಯುತ್ತಿದ್ದವರು ‘ಹೊರಡೋಣವಾ?’ ಎನ್ನುತ್ತಾರೆ. ಅಂದರೆ ವಿಶ್ರಾಂತಿ ಬೇಕಾದವರಿಗೇ ವಿಶ್ರಾಂತಿ ಇಲ್ಲ. ಎರಡನೇ ದಿನದ ಸಂಜೆಗೆ ಇಬ್ಬರ ನಡುವೆ ಮಾತು ಕಡಿಮೆಯಾಗಿರುತ್ತದೆ. ದಾರಿ, ಗೇರು, ಸಾಮಾನು, ನಿಲುಗಡೆ ಎಲ್ಲವನ್ನೂ ಈ ಅಂತರವನ್ನು ಲೆಕ್ಕಕ್ಕಿಟ್ಟುಕೊಂಡೇ ಹೊಂದಿಸಬೇಕು.

ಮೊದಲ ಪ್ರವಾಸಕ್ಕೆ ರಾಷ್ಟ್ರೀಯ ಹೆದ್ದಾರಿ 66ರ ಕಾರವಾರ–ಮಂಗಳೂರು ಭಾಗ ಒಳ್ಳೆಯದು. ಸುಮಾರು 280 ಕಿ.ಮೀ. ದಾರಿ, ಇಪ್ಪತ್ತು-ಮೂವತ್ತು ಕಿ.ಮೀ.ಗೊಂದು ಪೇಟೆ, ಘಟ್ಟ ಹತ್ತುವ ಕೆಲಸವಿಲ್ಲ. ಕೊಂಕಣ ರೈಲು ಮಾರ್ಗ ಬಹುತೇಕ ಪಕ್ಕದಲ್ಲೇ ಸಾಗುವುದರಿಂದ ಯಾರಿಗಾದರೂ ಸಾಕೆನಿಸಿದರೆ ಮನೆಗೆ ಹೋಗುವ ದಾರಿಯೂ ಹತ್ತಿರ.

ದಿಕ್ಕು ಮತ್ತು ಕಾಲ

ಬಹಳ ಜನ ಮಂಗಳೂರಿನಿಂದ ಉತ್ತರಕ್ಕೆ ಹೊರಡುತ್ತಾರೆ. ನಮ್ಮ ಸಲಹೆ ತಿರುಗುಮುರುಗು: ಕಾರವಾರದಿಂದ ದಕ್ಷಿಣಕ್ಕೆ ಬನ್ನಿ. ಬೇಸಿಗೆಯತ್ತ ಸಾಗುವ ತಿಂಗಳುಗಳಲ್ಲಿ ಹೊತ್ತೇರಿದ ಮೇಲೆ ಬೀಸುವ ಕಡಲಗಾಳಿ ಹೆಚ್ಚಾಗಿ ವಾಯವ್ಯದಿಂದ ಬರುತ್ತದೆ. ಉತ್ತರಕ್ಕೆ ಹೋಗುವವರಿಗೆ ಅದು ಎದುರುಗಾಳಿ, ದಕ್ಷಿಣಕ್ಕೆ ಬರುವವರಿಗೆ ಬೆನ್ನಿಗೆ ಆಸರೆ. ಕಾರವಾರ–ಹೊನ್ನಾವರ ನಡುವಿನ ಏರಿಳಿತಗಳೂ ಮೊದಲೆರಡು ದಿನಗಳಲ್ಲೇ ಮುಗಿಯುತ್ತವೆ; ಕಾಲು ದಣಿದ ಹೊತ್ತಿಗೆ ಕುಂದಾಪುರದ ಬಯಲು ಸಿಗುತ್ತದೆ.

ನವೆಂಬರ್ ಮಧ್ಯದಿಂದ ಫೆಬ್ರುವರಿ ಮಧ್ಯದವರೆಗೆ ಹೋಗಬಹುದು. ಮಳೆಗಾಲದಲ್ಲಿ ಈ ದಾರಿ ಬೇಡವೇ ಬೇಡ. 2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದದ್ದು ಇದೇ ಹೆದ್ದಾರಿಯ ಮೇಲೆ. ಕಡಿದಾಗಿ ಕತ್ತರಿಸಿದ ಗುಡ್ಡದ ಬುಡದಲ್ಲಿ ಬೇಸಿಗೆಯಲ್ಲೂ ವಿಶ್ರಾಂತಿಗೆ ನಿಲ್ಲಬೇಡಿ.

ದಿನಗಳ ಹಂಚಿಕೆ

ಕಾರವಾರ–ಗೋಕರ್ಣ ಸುಮಾರು 60 ಕಿ.ಮೀ., ಗೋಕರ್ಣ–ಮುರ್ಡೇಶ್ವರ 65, ಅಲ್ಲಿ ಒಂದು ಪೂರ್ತಿ ದಿನ ಬಿಡುವು, ಮುರ್ಡೇಶ್ವರ–ಕುಂದಾಪುರ 65, ಕುಂದಾಪುರ–ಉಡುಪಿ 40, ಉಡುಪಿ–ಮಂಗಳೂರು 60. ಬಿಡುವಿನ ದಿನವನ್ನು ಕೊನೆಗೆ ತಳ್ಳಬೇಡಿ. ಸತತ ಎರಡು ದಿನ ತುಳಿದ ಮೇಲೆ ಸೀಟಿನ ಉರಿ, ಮಂಡಿನೋವು ಹೊರಬರುತ್ತವೆ. ಮೂರನೇ ದಿನ ಕೂತರೆ ಮಿಕ್ಕ ದಿನಗಳು ಉಳಿಯುತ್ತವೆ.

ಗೋಕರ್ಣದಿಂದ ಹೆದ್ದಾರಿಗೆ ಮರಳುವ ಬದಲು ತದಡಿಗೆ ಹೋಗಿ, ಅಘನಾಶಿನಿ ನದಿಯನ್ನು ದೋಣಿಯಲ್ಲಿ ದಾಟಿ ಕುಮಟಾ ಸೇರಬಹುದು. ಲಾರಿಗಳ ಕಾಟವೂ ತಪ್ಪುತ್ತದೆ, ದೂರವೂ ಉಳಿಯುತ್ತದೆ. ದೋಣಿಯ ಸಮಯವನ್ನು ಹಿಂದಿನ ಸಂಜೆಯೇ ವಿಚಾರಿಸಿ. ಚೀಲ ಬಿಚ್ಚಿ ಬೇರೆ ಹತ್ತಿಸಿ, ಸೈಕಲ್ಲನ್ನು ಚೈನ್ ಇರುವ ಕಡೆ ಒರಗಿಸದೆ ಕೈಯಲ್ಲೇ ಹಿಡಿದುಕೊಳ್ಳಿ.

ಬೆಳಕು ಹರಿಯುವ ಹೊತ್ತಿಗೆ ಹೊರಟು ಹನ್ನೊಂದೂವರೆಗೆ ಸೈಕಲ್ ನಿಲ್ಲಿಸುವಂತಿರಲಿ. ಮುಗಿಯದಿದ್ದರೆ ಮೂರೂವರೆವರೆಗೆ ಊಟ, ನಿದ್ದೆ, ಆಮೇಲೆ ಉಳಿದದ್ದು.

ಹತ್ತು ವಾರಗಳ ತಯಾರಿ

ವಾರವಿಡೀ ಕಂಪ್ಯೂಟರ್ ಮುಂದೆ ಕೂರುವ ಮೂವತ್ತರ ಮಗನಿಗಿಂತ ದಿನಾ ಐದು ಕಿ.ಮೀ. ನಡೆಯುವ ಅಪ್ಪನೇ ಗಟ್ಟಿಯಿರಬಹುದು. ಆದ್ದರಿಂದ ಯಾರು ನಿಧಾನ ಎಂಬುದನ್ನು ವಯಸ್ಸು ನೋಡಿ ಹೇಳಬೇಡಿ. ಇಬ್ಬರೂ ಒಂದೇ 40 ಕಿ.ಮೀ. ದಾರಿಯನ್ನು ಬೇರೆ ಬೇರೆಯಾಗಿ, ಮಾತನಾಡಲು ಉಸಿರು ಉಳಿಯುವಷ್ಟು ವೇಗದಲ್ಲಿ ತುಳಿಯಿರಿ. ಅರ್ಧ ಗಂಟೆಯೊಳಗಿನ ಅಂತರವಾದರೆ ಸಾಮಾನು ಮತ್ತು ಗೇರಿನಲ್ಲಿ ಸರಿದೂಗಿಸಬಹುದು. ಅದಕ್ಕಿಂತ ಹೆಚ್ಚಾದರೆ ದಿನದ ದೂರವನ್ನೇ 40ಕ್ಕೆ ಇಳಿಸಿ.

ವಾರಕ್ಕೆ ಮೂರು ಸವಾರಿ ಸಾಕು: ಎರಡು 15–20 ಕಿ.ಮೀ.ಯವು, ಒಂದು ಉದ್ದದ್ದು. ಉದ್ದದ್ದು 25ರಿಂದ ಶುರುವಾಗಿ ವಾರಕ್ಕೆ ನಾಲ್ಕೈದು ಕಿ.ಮೀ. ಏರಲಿ, ಪ್ರತಿ ನಾಲ್ಕನೇ ವಾರ ಇಳಿಸಿ. ಹೊರಡುವ ಎರಡು ವಾರ ಮುಂಚೆ ಶನಿವಾರ-ಭಾನುವಾರ ಸತತವಾಗಿ 45 ಕಿ.ಮೀ., ಚೀಲ ತುಂಬಿಕೊಂಡೇ ತುಳಿಯಬೇಕು. ಎರಡನೇ ದಿನ ಬೆಳಿಗ್ಗೆ ಸೀಟಿನ ಮೇಲೆ ಕೂತಾಗ ಏನೆನಿಸುತ್ತದೆ ಎಂಬುದೇ ಪರೀಕ್ಷೆ.

ಹಿರಿಯರು ವೈದ್ಯರನ್ನು ಕಾಣುವಾಗ ‘ಸೈಕಲ್ ಹೊಡೀತೀನಿ’ ಎಂದಷ್ಟೇ ಹೇಳದೆ ‘ಬಿಸಿಲಲ್ಲಿ ದಿನಕ್ಕೆ ನಾಲ್ಕೈದು ಗಂಟೆ, ಐದು ದಿನ’ ಎಂದು ಹೇಳಬೇಕು. ಕೆಲವು ಬಿಪಿ ಮಾತ್ರೆಗಳು ಮೂತ್ರ ಹೆಚ್ಚಿಸುತ್ತವೆ. ಬಿಸಿಲಲ್ಲಿ ಅದು ನಿರ್ಜಲತನಕ್ಕೆ ದಾರಿ. ಇನ್ಸುಲಿನ್ ಅಥವಾ ಸಕ್ಕರೆ ತಗ್ಗಿಸುವ ಕೆಲವು ಮಾತ್ರೆ ತೆಗೆದುಕೊಳ್ಳುವವರಿಗೆ ತುಳಿಯುವಾಗ ಸಕ್ಕರೆ ಏಕಾಏಕಿ ಕುಸಿಯಬಹುದು. ಪ್ರಮಾಣ ಬದಲಿಸಬೇಕೇ ಎಂಬುದನ್ನು ವೈದ್ಯರೇ ಹೇಳಲಿ.

ಸೈಕಲ್: ಎರಡಕ್ಕೂ ಒಂದೇ ಚಕ್ರ

ಎರಡೂ ಸೈಕಲ್ಲಿನ ಚಕ್ರದ ಅಳತೆ ಒಂದೇ ಇರಲಿ. 700x35 ಅಳತೆಯ ಟೈರಿನ ಎರಡು ಹೈಬ್ರಿಡ್ (ಟಾರು ರಸ್ತೆಗೂ ಮಣ್ಣುದಾರಿಗೂ ಒಗ್ಗುವ) ಸೈಕಲ್ ಇದ್ದರೆ ಟ್ಯೂಬ್ ಒಂದೇ ಬಗೆ, ಹೊರುವ ಬಿಡಿಭಾಗ ಅರ್ಧ. ವಾಲ್ವ್ ಮೋಟಾರ್‌ಬೈಕಿನಂಥದ್ದೇ ಇದ್ದರೆ ದಾರಿಯ ಯಾವ ಪಂಚರ್ ಅಂಗಡಿಯಲ್ಲೂ ಗಾಳಿ ಸಿಗುತ್ತದೆ. ಆದರೆ ಕಂಪ್ರೆಸರ್‌ನಿಂದ ಒಂದೊಂದೇ ಸೆಕೆಂಡು ಬಿಟ್ಟು ಬಿಟ್ಟು ತುಂಬಿಸಿ. ಲಾರಿ ಚಕ್ರಕ್ಕೆ ಹಿಡಿದಂತೆ ಹಿಡಿದರೆ ಸೈಕಲ್ ಟ್ಯೂಬ್ ಸಿಡಿಯುತ್ತದೆ. ಎಪ್ಪತ್ತು ಕೆ.ಜಿ. ತೂಕದವರಿಗೆ ಮುಂದೆ 55, ಹಿಂದೆ 65 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಸುಮಾರಾಗಿ ಸರಿ. ಟೈರಿನ ಬದಿಯಲ್ಲಿ ಬರೆದ ಗರಿಷ್ಠ ಮಿತಿ ಮೀರಬೇಡಿ.

ಗೇರಿನ ವಿಷಯದಲ್ಲಿ ಜಿಪುಣತನ ಬೇಡ. ನಿಧಾನದವರ ಸೈಕಲ್ಲಿಗೆ ಮುಂದಿನ ಚಿಕ್ಕ ಹಲ್ಲುಚಕ್ರ 28, ಹಿಂದಿನ ದೊಡ್ಡದು 34 ಹಲ್ಲಿನದಿರಲಿ. ಏರಿನಲ್ಲಿ ನಿಮಿಷಕ್ಕೆ 70 ಸುತ್ತು ತುಳಿಯಲಾಗದೆ ಎದ್ದು ನಿಂತು ಒತ್ತಬೇಕಾಗಿ ಬಂದರೆ ಮಂಡಿ ಎರಡೇ ದಿನಕ್ಕೆ ಮುನಿಸಿಕೊಳ್ಳುತ್ತದೆ.

ಸೀಟಿನ ಎತ್ತರ ನೋಡಲು ಗೋಡೆ ಹಿಡಿದು ಕೂತು, ಪೆಡಲ್ ಕೆಳಗಿರುವಾಗ ಹಿಮ್ಮಡಿ ಇಡಿ. ಕಾಲು ನೇರವಾಗಬೇಕು, ಪಾದದ ಮುಂಭಾಗ ಇಟ್ಟಾಗ ಮಂಡಿ ತುಸು ಬಾಗಿರಬೇಕು. ಮಂಡಿಯ ಮುಂಭಾಗ ನೋಯುತ್ತಿದ್ದರೆ ಸೀಟು ಹೆಚ್ಚಾಗಿ ತಗ್ಗಾಗಿರುತ್ತದೆ, ಹಿಂಭಾಗ ನೋಯುತ್ತಿದ್ದರೆ ಎತ್ತರ. ಸರಿಪಡಿಸುವಾಗ ಒಮ್ಮೆಗೆ 5 ಮಿ.ಮೀ. ಮೀರಬೇಡಿ. ಅಂಗೈ ಜುಮ್ಮೆಂದರೆ ಸೀಟಿನ ಮೂತಿ ಕೆಳಗೆ ಬಾಗಿದೆಯೇ ನೋಡಿ: ಮೈ ಮುಂದಕ್ಕೆ ಜಾರಿ ಭಾರವೆಲ್ಲ ಕೈಗೆ ಬೀಳುತ್ತದೆ. ಹಿರಿಯರ ಹ್ಯಾಂಡಲ್ ಸೀಟಿನ ಮಟ್ಟಕ್ಕೆ ಅಥವಾ ತುಸು ಮೇಲಕ್ಕಿರಲಿ. ಪ್ಯಾಡ್ ಇರುವ ಚಡ್ಡಿಯ ಒಳಗೆ ಬೇರೆ ಒಳಉಡುಪು ಬೇಡ, ಅದರ ಹೊಲಿಗೆಯೇ ಚರ್ಮ ಸುಲಿಯುವುದು. ಚೂಡಿದಾರ ತೊಡುವ ಅಮ್ಮಂದಿರು ದುಪಟ್ಟಾ ಬಿಟ್ಟು, ಬಲಗಾಲಿನ ಕಾಲಂಚಿಗೆ ಪಟ್ಟಿ ಕಟ್ಟಿಕೊಳ್ಳಲಿ.

ಹೊರೆ ಹಂಚುವುದು

ಇಬ್ಬರ ಸಾಮಾನು ಸೇರಿ 14 ಕೆ.ಜಿ. ದಾಟಬಾರದು. ಗಟ್ಟಿಗರಿಗೆ 10, ಇನ್ನೊಬ್ಬರಿಗೆ 4. ಸಮತಟ್ಟಿನಲ್ಲಿ ಹೊರೆ ವೇಗವನ್ನು ಅಷ್ಟೇನೂ ತಗ್ಗಿಸದು, ಅಲ್ಲಿ ತಡೆಯುವುದು ಗಾಳಿ. ಏರಿನಲ್ಲಿ ಮಾತ್ರ ಒಂದೊಂದು ಕೆ.ಜಿ.ಯೂ ಲೆಕ್ಕಕ್ಕೆ ಬರುತ್ತದೆ. ಅಂತರ ಬೆಳೆಯುವುದೂ ಅಲ್ಲೇ. ಬಟ್ಟೆ, ಉಪಕರಣ, ಬೀಗ ಎಲ್ಲ ಗಟ್ಟಿಗರ ಕ್ಯಾರಿಯರ್‌ಗೆ ಹೋಗಲಿ. ಹಿರಿಯರ ಮಾತ್ರೆ, ಫೋನು, ದುಡ್ಡು, ನೀರು, ಒಂದು ಟ್ಯೂಬು ಮಾತ್ರ ಅವರ ಬಳಿಯೇ ಇರಬೇಕು. ಇಬ್ಬರೂ ಬೇರೆಯಾದಾಗ ಬೇಕಾಗುವುದು ಅವೇ.

ಕ್ಯಾರಿಯರ್‌ನ ಎರಡೂ ಬದಿಯ ಚೀಲದ ತೂಕ ಸಮ ಇರಲಿ, ಭಾರದ್ದು ತಳದಲ್ಲಿ. ಇಲ್ಲದಿದ್ದರೆ ಇಳಿಜಾರಿನಲ್ಲಿ ಹ್ಯಾಂಡಲ್ ನಡುಗುತ್ತದೆ. ಕ್ಯಾರಿಯರ್ ಬೋಲ್ಟುಗಳನ್ನು ದಿನಾ ಬೆಳಿಗ್ಗೆ ಬಿಗಿ ಮಾಡಿ.

ಉಪಕರಣ: 4, 5, 6 ಮಿ.ಮೀ. ಅಲೆನ್ ಕೀ, ಟೈರ್ ಲಿವರ್ ಮೂರು, ಪಂಪು, ಟ್ಯೂಬ್ ಮೂರು, ಪ್ಯಾಚ್ ಮತ್ತು ಸಲ್ಯೂಷನ್, ಚೈನ್ ಕಟರ್, ಚೈನ್ ಜೋಡಿಸುವ ಕ್ವಿಕ್ ಲಿಂಕ್ ಎರಡು, ಬ್ರೇಕ್ ಮತ್ತು ಗೇರ್ ಕೇಬಲ್ ಒಂದೊಂದು, ಬ್ರೇಕ್ ಪ್ಯಾಡ್ ಒಂದು ಜೊತೆ, ಕೇಬಲ್ ಟೈ ಹತ್ತು. ಗೇರ್ ಬದಲಿಸುವ ಡಿರೇಲರನ್ನು ಫ್ರೇಮಿಗೆ ಕೂಡಿಸುವ ಡಿರೇಲರ್ ಹ್ಯಾಂಗರ್ ಎಂಬ ಚಿಕ್ಕ ಅಲ್ಯೂಮಿನಿಯಂ ತುಂಡು ಒಂದೊಂದು ಮಾದರಿಗೆ ಒಂದೊಂದು; ಬಿದ್ದರೆ ಮೊದಲು ಬಾಗುವುದು ಅದೇ, ಸಣ್ಣ ಪೇಟೆಯಲ್ಲಿ ಸಿಗದೇ ಇರುವುದೂ ಅದೇ. ಉಪ್ಪುಗಾಳಿಗೆ ಚೈನ್ ಬೇಗ ತುಕ್ಕು ಹಿಡಿಯುವುದರಿಂದ ರಾತ್ರಿ ಬಟ್ಟೆಯಲ್ಲಿ ಒರೆಸಿ, ಕೊಂಡಿಗೊಂದು ಹನಿ ಎಣ್ಣೆ ಬಿಟ್ಟು, ಮಿಕ್ಕದ್ದನ್ನು ಮತ್ತೆ ಒರೆಸಿ. ಎಣ್ಣೆ ಹೊರಗೆ ಉಳಿದರೆ ಗೋಕರ್ಣದ ಮರಳು ಅಂಟಿ ಹಲ್ಲು ಸವೆಯುತ್ತದೆ.

ರಸ್ತೆಯಲ್ಲಿ

ಹೆದ್ದಾರಿಯಲ್ಲಿ ನಿಧಾನದವರು ಮುಂದೆ, ಗಟ್ಟಿಗರು ಹಿಂದೆ. ಆಗ ವೇಗ ತಾನಾಗಿ ನಿಧಾನದವರದ್ದಾಗುತ್ತದೆ. ಎದುರುಗಾಳಿ ಬಂದಾಗ ಮಾತ್ರ ಗಟ್ಟಿಗರು ಮುಂದೆ ಹೋಗಿ ಗಾಳಿ ಒಡೆಯಲಿ. ಆಗಲೂ ಒಂದು ಸೈಕಲ್ಲಿನಷ್ಟು ಅಂತರವಿರಲಿ. ಹಿಂದಿನವರ ಮುಂದಿನ ಚಕ್ರ ಮುಂದಿನವರ ಹಿಂಚಕ್ರದ ಪಕ್ಕಕ್ಕೆ ಸರಿಯಬಾರದು, ತಾಗಿದರೆ ಬೀಳುವವರು ಹಿಂದಿನವರೇ. ಏರಿನಲ್ಲಿ ಜೊತೆಗಿರುವ ಹಟ ಬಿಡಿ: ಅವರವರ ಗತಿಯಲ್ಲಿ ಹತ್ತಿ ಮೇಲೆ ಸೇರಿ. ಮೊದಲು ತಲುಪಿದವರು, ಎರಡನೆಯವರು ಬಂದು ಕಡಿಮೆಯೆಂದರೆ ಐದು ನಿಮಿಷವಾಗುವವರೆಗೆ ಹೊರಡುವಂತಿಲ್ಲ.

ನಿಲ್ಲುವ ಮಾತನ್ನೂ ಮನೆಯಲ್ಲೇ ಆಡಿಕೊಳ್ಳಿ. ನಮ್ಮ ಅಪ್ಪ-ಅಮ್ಮಂದಿರು ಸುಸ್ತಾಯಿತೆಂದು ಹೇಳುವ ಪೈಕಿಯಲ್ಲ. ‘ಇನ್ನೇನು ಬಂತಲ್ಲ, ಹೋಗೋಣ ಬಿಡು’ ಅಂದರೆ ಸುಸ್ತಾಗಿದೆ ಎಂದೇ ತಿಳಿಯಬೇಕು. ಅದಕ್ಕೆ ‘ನಿಮಗೆ ಆಗಲ್ಲ ಅಪ್ಪಾ, ನಿಲ್ಲಿ’ ಅಂದರೆ ಇನ್ನೂ ಹತ್ತು ಕಿ.ಮೀ. ತುಳಿದು ತೋರಿಸುತ್ತಾರೆ. ಗಂಟೆಗೊಮ್ಮೆ ಹತ್ತು ನಿಮಿಷ, ಯಾರಿಗೆ ಬೇಕಿರಲಿ ಬೇಡದಿರಲಿ, ಗಡಿಯಾರ ನೋಡಿ ನಿಲ್ಲುವ ಪದ್ಧತಿ ಇಟ್ಟುಕೊಂಡರೆ ಕೇಳುವ, ಹೇಳುವ ಪ್ರಶ್ನೆಯೇ ಇಲ್ಲ.

ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್ ನೀರು, ಮುಕ್ಕಾಲು ಗಂಟೆಗೊಮ್ಮೆ ಬಾಳೆಹಣ್ಣೋ ಚಿಕ್ಕಿಯೋ ಖರ್ಜೂರವೋ. ಓಆರ್‌ಎಸ್ ಅನ್ನು ಪ್ಯಾಕೆಟ್ ಮೇಲೆ ಬರೆದಷ್ಟೇ ನೀರಿಗೆ ಬೆರೆಸಿ. ದೊಡ್ಡದು 1 ಲೀಟರಿಗೆ, ಚಿಕ್ಕದು 200 ಮಿ.ಲೀ.ಗೆ. ಎಳನೀರಿನಲ್ಲಿ ಪೊಟ್ಯಾಶಿಯಂ ಧಾರಾಳ, ಸೋಡಿಯಂ ಕಡಿಮೆ, ಹಾಗಾಗಿ ಬೆವರಿನ ಉಪ್ಪನ್ನು ಅದೊಂದೇ ತುಂಬದು. ಕಿಡ್ನಿ ತೊಂದರೆ ಇರುವವರು ಎಷ್ಟು ಕುಡಿಯಬಹುದೆಂದು ಮೊದಲೇ ಕೇಳಿಕೊಂಡಿರಬೇಕು. ಬೆಳಗಿನ ತಿಂಡಿಗೆ ಇಡ್ಲಿ, ನೀರ್ ದೋಸೆ ಒಳ್ಳೆಯದು. ಗೋಳಿಬಜೆ, ಬನ್ಸ್ ಸಂಜೆಗಿರಲಿ.

ನಾಲ್ಕು ಪಥದ ರಸ್ತೆಯ ಅಂಚಿನಲ್ಲಿ ದೊಡ್ಡ ಅಪಾಯ ಹಿಂದಿನಿಂದ ಬರುವ ಲಾರಿಯಲ್ಲ, ತಪ್ಪು ದಿಕ್ಕಿನಲ್ಲಿ ಎದುರು ಬರುವ ಸ್ಕೂಟರ್. ಕಾರವಾರ ಬಿಡುತ್ತಲೇ ಸಿಗುವ ಸುರಂಗದೊಳಗೆ ಹಗಲಲ್ಲೂ ಹಿಂದಿನ ಕೆಂಪು ದೀಪ ಉರಿಯಲಿ, ತಂಪು ಕನ್ನಡಕ ತೆಗೆಯಿರಿ. ಮರವಂತೆಯಲ್ಲಿ ಬಲಕ್ಕೆ ಕಡಲು, ಎಡಕ್ಕೆ ಸೌಪರ್ಣಿಕಾ. ಫೋಟೋಗೆಂದು ಕಾರುಗಳು ಸೂಚನೆಯಿಲ್ಲದೆ ಬ್ರೇಕ್ ಹಾಕುವ ಜಾಗವದು. ಉಡುಪಿ–ಮಂಗಳೂರು ನಡುವೆ ಬಸ್ಸುಗಳು ಸೈಕಲ್ ದಾಟಿದ ಮರುಕ್ಷಣ ಎಡಕ್ಕೆ ಹೊರಳಿ ಸ್ಟಾಪಿನಲ್ಲಿ ನಿಲ್ಲುತ್ತವೆ, ಆ ದಿನ ಭಾನುವಾರ ಬೀಳುವಂತೆ ಲೆಕ್ಕ ಹಾಕಿ. ಸುರತ್ಕಲ್ ನಂತರ ಬಂದರಿನ ಲಾರಿ, ಟ್ಯಾಂಕರ್‌ಗಳ ದಟ್ಟಣೆ. ಹನ್ನೊಂದಾಗಿದ್ದರೆ ಅಲ್ಲೇ ಮುಗಿಸುವುದು ಜಾಣತನ.

ಪಂಚರ್ ಆದಾಗ

ಇಲ್ಲಿ ಪಂಚರ್‌ಗೆ ಕಾರಣ ಮುಳ್ಳಿಗಿಂತ ತಂತಿ. ಸಿಡಿದ ಲಾರಿ ಟೈರಿನೊಳಗಿನ ಕೂದಲೆಳೆಯಂಥ ಉಕ್ಕಿನ ತಂತಿ ರಸ್ತೆಯಂಚಿನಲ್ಲಿ ಬಿದ್ದಿರುತ್ತದೆ. ಟ್ಯೂಬ್ ಹೊರತೆಗೆದ ಮೇಲೆ ಟೈರಿನ ಒಳಮೈಯನ್ನು ಹತ್ತಿಯಿಂದಲೋ ತೆಳು ಬಟ್ಟೆಯಿಂದಲೋ ನಿಧಾನವಾಗಿ ಸವರಿ. ಎಳೆ ಸಿಕ್ಕಿಕೊಂಡ ಕಡೆ ತಂತಿಯಿದೆ, ಉಗುರುಕತ್ತರಿಯಲ್ಲಿ ಎಳೆಯಿರಿ. ಇದನ್ನು ಬಿಟ್ಟು ಹೊಸ ಟ್ಯೂಬ್ ಹಾಕಿದರೆ ಅರ್ಧ ಗಂಟೆಯಲ್ಲಿ ಮತ್ತೆ ಅದೇ ಜಾಗದಲ್ಲಿ ತೂತು. ಪ್ಯಾಚ್ ಹಾಕುವಾಗ ಉಜ್ಜಿ, ಸಲ್ಯೂಷನ್ ತೆಳ್ಳಗೆ ಬಳಿದು, ಹೊಳಪು ಹೋಗುವವರೆಗೆ ಐದು ನಿಮಿಷ ಬಿಡಿ. ಹಸಿಯಿರುವಾಗ ಅಂಟಿಸಿದ ಪ್ಯಾಚ್ ಬಿಸಿಲಿಗೆ ಜಾರುತ್ತದೆ. ಈ ಕೆಲಸ ಇಬ್ಬರಿಗೂ ಬರಬೇಕು, ಮನೆಯಲ್ಲೇ ಒಮ್ಮೊಮ್ಮೆ ಮಾಡಿ ನೋಡಿ.

ಸೈಕಲ್ ಸಾಗಿಸುವುದು

ಬೆಂಗಳೂರಿನಿಂದ ಹೊರಡುವ ಪಂಚಗಂಗಾ ಎಕ್ಸ್‌ಪ್ರೆಸ್‌ಗೆ ಕಾರವಾರವೇ ಕೊನೆಯ ನಿಲ್ದಾಣ. ಹೀಗಾಗಿ ಸೈಕಲ್ ಇಳಿಸಲು ಗಡಿಬಿಡಿಯಿಲ್ಲ. ಎರಡು-ಮೂರು ನಿಮಿಷ ಮಾತ್ರ ರೈಲು ನಿಲ್ಲುವ ಕಡೆ ಪಾರ್ಸಲ್ ಹತ್ತಿಸುವುದು ಕಷ್ಟ. ನಡುವೆ ಬಿಡಬೇಕಾಗಿ ಬಂದರೆ ಹಿರಿಯರನ್ನು ರೈಲಿಗೆ ಕಳಿಸಿ, ಸೈಕಲ್ಲಿಗೆ ಗೂಡ್ಸ್ ಆಟೋ ಹಿಡಿಯಿರಿ. ಪಾರ್ಸಲ್ ಕಚೇರಿಗೆ ಎರಡು ಗಂಟೆ ಮುಂಚೆ ಹೋಗಿ, ರಸೀದಿ ಪಡೆದು, ಹೆಸರು-ಫೋನ್ ನಂಬರ್ ಬರೆದ ರಟ್ಟನ್ನು ಫ್ರೇಮಿಗೆ ಕಟ್ಟಿ. ದೀಪ, ಪಂಪು, ಬಾಟಲಿ ಕೈಚೀಲದಲ್ಲಿರಲಿ.

ಮಂಗಳೂರಿನಿಂದ ಬಸ್ಸಿನಲ್ಲಿ ವಾಪಸಾಗುವುದಾದರೆ ಟಿಕೆಟ್ ಕೊಳ್ಳುವಾಗಲೇ ಡಿಕ್ಕಿಯಲ್ಲಿ ಎರಡು ಸೈಕಲ್ಲಿಗೆ ಜಾಗವಿದೆಯೇ ಎಂದು ಕೇಳಿ. ಮುಂದಿನ ಚಕ್ರ ಬಿಚ್ಚಿ ಫ್ರೇಮಿಗೆ ಕಟ್ಟಿ, ಹ್ಯಾಂಡಲ್ ಅಡ್ಡ ತಿರುಗಿಸಿ. ಪೆಡಲ್ ಬಿಚ್ಚುವುದಾದರೆ, ಎಡ ಪೆಡಲಿನ ತಿರುಪು ಉಲ್ಟಾ, ಅದನ್ನು ಬಿಚ್ಚಲು ಗಡಿಯಾರದ ಮುಳ್ಳಿನ ದಿಕ್ಕಿಗೇ ತಿರುಗಿಸಬೇಕು. ಚೈನನ್ನು ಹಿಂದಿನ ದೊಡ್ಡ ಹಲ್ಲುಚಕ್ರಕ್ಕೆ ಹಾಕಿದರೆ ಡಿರೇಲರ್ ಒಳಕ್ಕೆ ಸರಿದು ಪೆಟ್ಟು ತಪ್ಪುತ್ತದೆ. ಡಿಸ್ಕ್ ಬ್ರೇಕ್ ಇದ್ದರೆ ಚಕ್ರ ತೆಗೆದ ಕೂಡಲೇ ಪ್ಯಾಡ್‌ಗಳ ನಡುವೆ ಮಡಚಿದ ರಟ್ಟಿನ ಚೂರು ಸಿಕ್ಕಿಸಿ. ಹೈಡ್ರಾಲಿಕ್ ಬ್ರೇಕಿನ ಲಿವರನ್ನು ಯಾರಾದರೂ ಒತ್ತಿಬಿಟ್ಟರೆ ಪ್ಯಾಡ್‌ಗಳು ಒಂದಕ್ಕೊಂದು ಕೂಡಿಕೊಂಡು, ಊರಿಗೆ ಬಂದ ಮೇಲೆ ಚಕ್ರ ಒಳಗೆ ಹೋಗುವುದಿಲ್ಲ.